ಹಳತಿನ ಹಂಬಲವೂ ಪರಿಗ್ರಹವೇ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹಪರಿಮಾಣವನ್ನು ಮೀರುವುದು ಎಷ್ಟು ಸುಲಭವೋ, ಮೀರಿದ್ದನ್ನು ಗುರುತಿಸುವುದು ಅಷ್ಟೇ ಕಠಿನ. ಹೊಲ, ಮನೆ, ಹೊನ್ನು, ಬೆಳ್ಳಿಗಳನ್ನು ಎಣಿಸಿ ಮಿತಿ ಹಾಕಿಕೊಳ್ಳಬಹುದು. ಆದರೆ ಸಂಗ್ರಹವು ಹವ್ಯಾಸವೆಂಬ ಹೆಸರಿನಲ್ಲಿ, ಕಲಾಭಿರುಚಿಯೆಂಬ ಹೆಸರಿನಲ್ಲಿ, ಹಿರಿಯರ ಕಾಲದ ಮೇಲಿನ ಗೌರವವೆಂಬ ಹೆಸರಿನಲ್ಲಿ ಮನೆಯೊಳಗೆ ಬಂದಾಗ ವ್ರತಿಯೂ ಅದನ್ನು ಬಾಗಿಲಲ್ಲಿ ತಡೆಯುವುದಿಲ್ಲ. ಇಂಥದ್ದನ್ನು ಪರಿಗ್ರಹವೆಂದು ಕರೆದವನನ್ನೇ ಅರಸಿಕನೆಂದು ಜರಿಯುವ ಕಾಲವಿದು. ಅಮೆರಿಕದಲ್ಲಿ ಪ್ರಚಲಿತವಾಗಿರುವ ಒಂದು ಹವ್ಯಾಸವನ್ನು ಪರೀಕ್ಷಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಅಲ್ಲಿ ಮನೆಬಳಕೆಯ ಪಾತ್ರೆ ತೊಳೆಯುವ ಯಂತ್ರಗಳನ್ನು, ಅಂದರೆ ಡಿಶ್‌ವಾಷರ್‌ಗಳನ್ನು, ಸಂಗ್ರಹಿಸುವವರಿದ್ದಾರೆ. ಅವರಿಗೆ ಬೇಕಾದುದು ಅಂಗಡಿಯ ಹೊಸ ಯಂತ್ರವಲ್ಲ, 1950ರಿಂದ 1980ರ ದಶಕದವರೆಗೆ ತಯಾರಾದ ಹಳೆಯದು. ಹೋಬಾರ್ಟ್ ಸಂಸ್ಥೆಯ ಕಿಚನ್‌ಏಡ್, ಜನರಲ್ ಇಲೆಕ್ಟ್ರಿಕ್, ವೆಸ್ಟಿಂಗ್‌ಹೌಸ್, ಫ್ರಿಜಿಡೇರ್ ಮುಂತಾದ ಹೆಸರುಗಳನ್ನು ಅವರು ಭಕ್ತಿಯಿಂದ ಉಚ್ಚರಿಸುತ್ತಾರೆ. ಗುಜರಿಗೆ ಹೋಗಲಿದ್ದ ಯಂತ್ರವನ್ನು ಮನೆಗೆ ತಂದು, ಪಂಪು ಬಿಚ್ಚಿ, ಸವೆದ ರಬ್ಬರ್ ಪಟ್ಟಿ ಬದಲಿಸಿ, ಅಂದಿನ ಫ್ಯಾಷನ್ನಿನ ಬೆಣ್ಣೆಹಣ್ಣಿನ ಹಸಿರು ಬಣ್ಣವನ್ನೋ ಮಾಗಿದ ಪೈರಿನ ಹಳದಿಯನ್ನೋ ಮತ್ತೆ ಹೊಳೆಯುವಂತೆ ಮಾಡುತ್ತಾರೆ. ಅಂದಿನ ಜಾಹೀರಾತು, ಬಳಕೆಯ ಕೈಪಿಡಿಗಳನ್ನೂ ಕೂಡಿಡುತ್ತಾರೆ. ಕೆಲವರು ಬಾಗಿಲಿಗೆ ಪಾರದರ್ಶಕ ಫಲಕ ಜೋಡಿಸಿ, ಒಳಗೆ ನೀರು ಚಿಮ್ಮುವುದನ್ನು ಕುಳಿತು ನೋಡುತ್ತಾರೆ. ಒಂದು ಅಡುಗೆಮನೆಗೆ ಒಂದು ಯಂತ್ರ ಸಾಕು. ಉಳಿದವು ನೆಲಮಾಳಿಗೆಯಲ್ಲಿಯೂ ಕಾರಿನ ಕೊಟ್ಟಿಗೆಯಲ್ಲಿಯೂ ಸಾಲಾಗಿ ನಿಲ್ಲುತ್ತವೆ.

ಇವರ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳಬೇಕು. ಹಳೆಯ ಯಂತ್ರ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಇಂದಿನ ಯಂತ್ರ ಎರಡು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಅಂದಿನ ದಪ್ಪ ಎನಾಮೆಲ್ಲು, ಭಾರವಾದ ಮೋಟಾರುಗಳ ಜಾಗಕ್ಕೆ ಇಂದು ಪ್ಲಾಸ್ಟಿಕ್ಕು, ಎಲೆಕ್ಟ್ರಾನಿಕ್ ಫಲಕಗಳು ಬಂದಿವೆ. ಅದೊಂದು ಫಲಕ ಕೆಟ್ಟರೆ ಇಡೀ ಯಂತ್ರವೇ ಗುಜರಿಯ ಪಾಲಾಗುತ್ತದೆ ಎಂಬುದು ಅವರ ದೂರು. ಈ ದೂರಿನಲ್ಲಿ ಸತ್ಯವಿದೆ. ವಸ್ತು ಬೇಗನೆ ಹಳತಾಗಬೇಕೆಂಬ ಬಯಕೆ ಅಮೆರಿಕದ ಕೈಗಾರಿಕೆಯಲ್ಲಿ ಬಹುಕಾಲದಿಂದ ಒಂದು ನೀತಿಯಾಗಿಯೇ ಬೆಳೆದಿದೆ. ಆಲ್ಫ್ರೆಡ್ ಸ್ಲೋನ್ ನಾಯಕತ್ವದ ಜನರಲ್ ಮೋಟಾರ್ಸ್ ಸಂಸ್ಥೆಯು 1920ರ ದಶಕದಲ್ಲಿಯೇ ವರ್ಷವರ್ಷವೂ ಕಾರಿನ ಮಾದರಿ ಬದಲಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಸಂಗ್ರಾಹಕರು ಕೊಂಡಾಡುವ ಫ್ರಿಜಿಡೇರ್ 1919ರಿಂದ 1979ರವರೆಗೆ ಇದೇ ಸಂಸ್ಥೆಯ ಒಡೆತನದಲ್ಲಿತ್ತು. ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ 1954ರಲ್ಲಿ ಉದ್ದೇಶಪೂರ್ವಕ ಹಳತಾಗಿಸುವಿಕೆ ಎಂಬ ಅರ್ಥದ ಮಾತನ್ನು ಜನಪ್ರಿಯಗೊಳಿಸಿದನು. ಅಗತ್ಯ ಬರುವುದಕ್ಕೆ ಸ್ವಲ್ಪ ಮೊದಲೇ ಇನ್ನಷ್ಟು ಹೊಸತನ್ನು ಬಯಸುವಂತೆ ಗಿರಾಕಿಯ ಮನಸ್ಸನ್ನು ಹದಗೊಳಿಸುವುದು ಅದರ ತಾತ್ಪರ್ಯ. 1960ರಲ್ಲಿ ವ್ಯಾನ್ಸ್ ಪ್ಯಾಕರ್ಡ್ 'ದಿ ವೇಸ್ಟ್ ಮೇಕರ್ಸ್' ಎಂಬ ಗ್ರಂಥದಲ್ಲಿ ಈ ನೀತಿಯನ್ನು ಕಟುವಾಗಿ ಖಂಡಿಸಿದನು.

1959ರ ಜುಲೈ 24ರಂದು ಮಾಸ್ಕೋ ನಗರದ ಸೊಕೊಲ್ನಿಕಿ ಉದ್ಯಾನದಲ್ಲಿ ಏರ್ಪಟ್ಟಿದ್ದ ಅಮೆರಿಕದ ಪ್ರದರ್ಶನದಲ್ಲಿ ಉಪಾಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಒಂದು ಮಾದರಿ ಅಡುಗೆಮನೆಯ ಮುಂದೆ ನಿಂತು ವಾದ ಮಾಡಿದರು. ಅಲ್ಲಿ ನಿಕ್ಸನ್ ಬೆರಳು ತೋರಿದ ವಸ್ತುಗಳಲ್ಲಿ ಪಾತ್ರೆ ತೊಳೆಯುವ ಯಂತ್ರವೂ ಒಂದು. ಅಮೆರಿಕದ ಮನೆಗಳು ಇಪ್ಪತ್ತು ವರ್ಷ ಬಾಳಿದರೆ ಹೆಚ್ಚು, ತಮ್ಮವರು ಮಕ್ಕಳು ಮೊಮ್ಮಕ್ಕಳಿಗೂ ಉಳಿಯುವಂತೆ ಕಟ್ಟುತ್ತಾರೆ ಎಂದು ಕ್ರುಶ್ಚೇವ್ ಕೆಣಕಿದರೆ, ಇಪ್ಪತ್ತು ವರ್ಷದ ಮೇಲೆ ಜನರಿಗೆ ಹೊಸ ಅಡುಗೆಮನೆಯೇ ಬೇಕೆನಿಸುತ್ತದೆ ಎಂಬ ಅರ್ಥದ ಉತ್ತರ ಬಂದಿತು. ಆ ಉತ್ತರವೇ ವ್ಯಾಪಾರದ ಸಿದ್ಧಾಂತವಾಗಿ ಬೇರೂರಿತು.

ಜೈನ ವರ್ತಕನಿಗೆ ಇದು ದೂರದ ದೇಶದ ಸುದ್ದಿಯಾಗಿ ಉಳಿಯಬಾರದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು: ಒಂದು ವಸ್ತುವಿನ ರೂಪದಲ್ಲಿ ಅದಕ್ಕಿಂತ ಹೀನವಾದುದನ್ನು ಕೊಟ್ಟು ಬೆಲೆ ಪಡೆಯುವುದು. ಹಾಲಿಗೆ ನೀರು ಬೆರೆಸುವುದು, ತುಪ್ಪಕ್ಕೆ ಕೊಬ್ಬು ಬೆರೆಸುವುದು ಎಲ್ಲರಿಗೂ ತಿಳಿದ ದೃಷ್ಟಾಂತಗಳು. ಬಾಳಿಕೆ ಬರುವಂತೆ ತೋರುವ, ಆದರೆ ಬಾಳಿಕೆ ಬರದಿರಲೆಂದೇ ಮಾಡಿದ ಯಂತ್ರವನ್ನು ಮಾರುವುದು ಆ ಸಾಲಿಗೆ ಏಕೆ ಸೇರಬಾರದು? ಬಿಡಿಭಾಗ ಒದಗಿಸದೆ, ದುರಸ್ತಿಯ ದಾರಿ ಮುಚ್ಚಿ, ಗಿರಾಕಿ ಮತ್ತೆ ಅಂಗಡಿಗೆ ಬರಲೇಬೇಕಾದಂತೆ ಮಾಡುವ ತಯಾರಕನ ತಕ್ಕಡಿಯೂ ಸುಳ್ಳು ತಕ್ಕಡಿಯೇ. ಇಷ್ಟರ ಮಟ್ಟಿಗೆ ಹಳೆಯ ಯಂತ್ರಗಳ ಸಂಗ್ರಾಹಕರು ಧರ್ಮದ ಪಕ್ಷದಲ್ಲಿದ್ದಾರೆ.

ಆದರೆ ರೋಗ ಸರಿಯಾಗಿ ಗುರುತಿಸಿದವನ ಮದ್ದೆಲ್ಲವೂ ಸರಿಯಾಗಿರಬೇಕೆಂಬ ನಿಯಮವಿಲ್ಲ. ಮನೆಯಲ್ಲಿದ್ದ ಒಂದು ಯಂತ್ರವನ್ನು ದುರಸ್ತಿ ಮಾಡಿಕೊಂಡು ನಲವತ್ತು ವರ್ಷ ಬಳಸುವುದು ಸಂಯಮ. ಅಂಥ ಹತ್ತು ಯಂತ್ರಗಳನ್ನು ಕೂಡಿಹಾಕುವುದು ಹತ್ತು ಪಟ್ಟು ಸಂಯಮವಾಗುವುದಿಲ್ಲ. ಎರಡನೆಯ ಯಂತ್ರದಿಂದಲೇ ಲೆಕ್ಕ ಎದುರು ಪುಟಕ್ಕೆ ಹೋಗುತ್ತದೆ. ವ್ಯಾಪಾರದ ಲೆಕ್ಕಪುಸ್ತಕದಲ್ಲಿ ಯಂತ್ರಕ್ಕೆ ವರ್ಷವರ್ಷವೂ ಸವಕಳಿ ತೆಗೆಯುತ್ತಾರೆ. ಬಳಕೆಯಿಂದ ವಸ್ತು ಸವೆಯುತ್ತದೆ, ಸವೆದು ಒಂದು ದಿನ ಶೂನ್ಯವಾಗುತ್ತದೆ ಎಂಬ ಸತ್ಯವನ್ನು ಆ ಅಂಕಿಗಳು ಒಪ್ಪಿಕೊಳ್ಳುತ್ತವೆ. ಅನಿತ್ಯಾನುಪ್ರೇಕ್ಷೆಯ ನೆರಳು ವರ್ತಕನ ಖಾತೆಯಲ್ಲಿಯೂ ಬಿದ್ದಿದೆ ಎನ್ನಬಹುದು. ಸಂಗ್ರಾಹಕನ ಖಾತೆಯಲ್ಲಾದರೋ ವಸ್ತು ಹಳೆಯದಾದಷ್ಟೂ ಬೆಲೆ ಏರುತ್ತದೆ. ಅಲ್ಲಿ ಸವೆಯುವುದು ಸಂಗ್ರಾಹಕನ ಆಯುಷ್ಯವೊಂದೇ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪರಿಗ್ರಹಪರಿಮಾಣದ ಅತಿಚಾರಗಳನ್ನು ಹೇಳುವಾಗ ಹೊಲ ಮನೆ, ಬೆಳ್ಳಿ ಬಂಗಾರ, ಧನಧಾನ್ಯ, ದಾಸದಾಸಿಯರೊಡನೆ ಕುಪ್ಯವನ್ನೂ ಹೆಸರಿಸುತ್ತದೆ. ಕುಪ್ಯವೆಂದರೆ ಬಟ್ಟೆ, ಪಾತ್ರೆ ಮೊದಲಾದ ಗೃಹಸಾಮಗ್ರಿ. ಹೊನ್ನಿಗೆ ಹೋಲಿಸಿದರೆ ತೃಣಸಮಾನವಾದ ಪಾತ್ರೆಪಡಗಗಳನ್ನೂ ಆಚಾರ್ಯರು ಬಿಡದೆ ಎಣಿಸಿದ್ದಾರೆ; ಮೋಹಕ್ಕೆ ಬೆಲೆಯ ಹಂಗಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತದ ದೋಷಗಳನ್ನು ಬೇರೆ ರೀತಿಯಲ್ಲಿ ವಿಂಗಡಿಸಿ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭಗಳನ್ನು ಅವುಗಳಲ್ಲಿ ಸೇರಿಸುತ್ತಾರೆ. ಲಾಭದ ಆಸೆಯಿಂದ ಸರಕು ಕೂಡಿಹಾಕುವುದು ಅತಿಸಂಗ್ರಹ; ತಾನು ಮಾರಿದ ಸರಕಿನಿಂದ ಮತ್ತೊಬ್ಬನು ಹೆಚ್ಚು ಗಳಿಸಿದ್ದನ್ನು ಕಂಡು ಕೊರಗುವುದು ಅತಿವಿಸ್ಮಯವೆಂದು ಟೀಕಾಕಾರರು ವಿವರಿಸುತ್ತಾರೆ. ಬಳಕೆಗೆ ಬೇಡವಾದರೂ ಇನ್ನೊಬ್ಬನ ಕೈಸೇರೀತೆಂದು ಯಂತ್ರವನ್ನು ಹೊತ್ತು ತರುವವನಲ್ಲಿ ಮೊದಲನೆಯದೂ, ಕೊಟ್ಟುಬಿಟ್ಟ ಯಂತ್ರವನ್ನು ನೆನೆದು ವರ್ಷಗಟ್ಟಲೆ ಪರಿತಪಿಸುವವನಲ್ಲಿ ಎರಡನೆಯದೂ ಕಾಣುವುದಿಲ್ಲವೇ?

ಇಲ್ಲಿ ಶಾಸ್ತ್ರಬಲ್ಲವರೊಬ್ಬರು ಆಕ್ಷೇಪ ಎತ್ತಬಹುದು. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಅದರ ಮೇಲಿನ ಮೂರ್ಛೆಯಲ್ಲಿ, ಮಮತೆಯಲ್ಲಿ ಕಂಡಿದೆ. ರತ್ನಾಕರವರ್ಣಿಯ ಭರತೇಶ ವೈಭವದ ನಾಯಕನು ಚಕ್ರವರ್ತಿಯ ಸಕಲ ಭೋಗಗಳ ನಡುವೆಯೂ ಆತ್ಮಯೋಗಿಯಾಗಿ ಬಾಳಿದನು. ಹಾಗಿರುವಾಗ ಯಂತ್ರಗಳ ಸಂಖ್ಯೆಯನ್ನು ಎಣಿಸಿ ಪಾಪ ನಿರ್ಣಯಿಸುವುದು ಹೇಗೆ? ಆಕ್ಷೇಪ ಸಮಂಜಸವಾದುದು. ಆದರೆ ಅದು ಸಂಗ್ರಾಹಕನನ್ನು ಬಿಡಿಸುವುದಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದುಕೊಡುತ್ತದೆ. ಮಮತೆಯಿಲ್ಲದೆ ಇಟ್ಟುಕೊಂಡಿದ್ದೇನೆಂದು ಅರಸನೊಬ್ಬನು ಹೇಳಬಹುದು. ಹಂಬಲದಿಂದಲೇ ಕೂಡಿಸಿದವನು ಹಾಗೆ ಹೇಳುವುದು ಹೇಗೆ? ಇಲ್ಲಿ ವಸ್ತುವಿನ ಉಪಯೋಗ ಎಂದೋ ಮುಗಿದಿದೆ. ಅದನ್ನು ಮನೆಯಲ್ಲಿ ಉಳಿಸಿರುವುದು ಮಮತೆಯೊಂದೇ.

ಈ ಹಂಬಲಕ್ಕೆ ಇಂಗ್ಲಿಷಿನಲ್ಲಿ ನಾಸ್ಟಾಲ್ಜಿಯಾ ಎಂಬ ಹೆಸರಿದೆ. ಅದು ಕವಿಗಳು ಕೊಟ್ಟ ಹೆಸರಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ, ತವರನ್ನು ಬಿಟ್ಟು ಬಂದವರನ್ನು ಕಾಡುವ ಒಂದು ವ್ಯಾಧಿಯನ್ನು ಸೂಚಿಸಲು, ಮರಳುವಿಕೆ ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ಅದನ್ನು ರಚಿಸಿದನು. ಇಂದು ಆ ವ್ಯಾಧಿಯನ್ನು ಜನರು ಮಧುರಭಾವವೆಂದು ಮುದ್ದಿಸುತ್ತಾರೆ. ಜೈನಾಗಮವು ಇದಕ್ಕೆ ಬಹು ಹಿಂದೆಯೇ ಸ್ಥಾನ ನಿರ್ದೇಶಿಸಿದೆ. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಇಷ್ಟವಿಯೋಗಜವೂ ಒಂದು: ಪ್ರಿಯವಾದುದು ಅಗಲಿದಾಗ ಅದು ಮತ್ತೆ ದೊರೆಯಲೆಂದು ಮನಸ್ಸು ಎಡೆಬಿಡದೆ ಚಿಂತಿಸುವುದು. ಅಗಲಿದುದು ಬಾಲ್ಯ, ಅಗಲಿದವಳು ತಾಯಿ, ಕೈಗೆ ಸಿಗುವುದು ಆಕೆಯ ಅಡುಗೆಮನೆಯಲ್ಲಿದ್ದಂಥ ಯಂತ್ರ. ಯಂತ್ರ ಬಂದರೂ ಬಾಲ್ಯ ಬರಲಿಲ್ಲವಾದ್ದರಿಂದ ಇನ್ನೊಂದು ಯಂತ್ರ ಬೇಕಾಗುತ್ತದೆ. ಸಂಗ್ರಹಕ್ಕೆ ಕೊನೆಯಿಲ್ಲದಿರುವುದಕ್ಕೆ ಕಾರಣವಿದು.

ಯಂತ್ರದ ಚರಿತ್ರೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಬಳಕೆಗೆ ಯೋಗ್ಯವಾದ ಪಾತ್ರೆ ತೊಳೆಯುವ ಯಂತ್ರವನ್ನು ರೂಪಿಸಿದ ಕೀರ್ತಿ ಅಮೆರಿಕದ ಇಲಿನಾಯ್ ಪ್ರಾಂತದ ಶೆಲ್ಬಿವಿಲ್ ಊರಿನ ಜೋಸೆಫೀನ್ ಕಾಕ್ರನ್ ಎಂಬ ಗೃಹಿಣಿಯದು. ಮನೆತನದಿಂದ ಬಂದ ಪಿಂಗಾಣಿ ತಟ್ಟೆಗಳ ಅಂಚು ಆಳುಗಳ ಕೈಯಲ್ಲಿ ಮುಕ್ಕಾಗುತ್ತಿದ್ದುದನ್ನು ಸಹಿಸದೆ ಆಕೆ ಈ ಯೋಚನೆಗೆ ಕೈಹಾಕಿದಳೆಂದು ಹೇಳಲಾಗುತ್ತದೆ. 1883ರಲ್ಲಿ ಪತಿ ಸಾಲ ಬಿಟ್ಟು ತೀರಿಕೊಂಡ ಮೇಲೆ ಆ ಯೋಚನೆಯೇ ಜೀವನೋಪಾಯವಾಯಿತು. ಮೆಕ್ಯಾನಿಕ್ ಒಬ್ಬನ ನೆರವಿನಿಂದ ಯಂತ್ರವನ್ನು ಸಿದ್ಧಪಡಿಸಿ, 1886ರ ಡಿಸೆಂಬರ್ 28ರಂದು ಹಕ್ಕುಪತ್ರ ಪಡೆದಳು. 1893ರ ಶಿಕಾಗೊ ವಿಶ್ವಪ್ರದರ್ಶನದಲ್ಲಿ ಅದನ್ನು ಮಂಡಿಸಿದಳು. ಅದೇ ವರ್ಷ ಅದೇ ನಗರದ ಸರ್ವಧರ್ಮ ಸಮ್ಮೇಳನದಲ್ಲಿ ಜೈನ ಸಮಾಜದ ಪ್ರತಿನಿಧಿಯಾಗಿ ವೀರಚಂದ್ ಗಾಂಧಿಯವರು ಅಹಿಂಸೆ ಅಪರಿಗ್ರಹಗಳ ಧರ್ಮವನ್ನು ಪರಿಚಯಿಸಿದರು. ಯಂತ್ರವನ್ನು ಮೊದಲು ಕೊಂಡವರು ಹೋಟೆಲಿನವರು; ಅದಕ್ಕೆ ಬೇಕಾದಷ್ಟು ಬಿಸಿನೀರು ಅಂದಿನ ಮನೆಗಳಲ್ಲಿ ಇರಲಿಲ್ಲ. 1913ರಲ್ಲಿ ಕಾಕ್ರನ್ ತೀರಿಕೊಂಡಳು. 1926ರಲ್ಲಿ ಆಕೆಯ ಸಂಸ್ಥೆಯನ್ನು ಹೋಬಾರ್ಟ್ ಕೊಂಡಿತು. 1949ರಲ್ಲಿ ಕಿಚನ್‌ಏಡ್ ಹೆಸರಿನ ಯಂತ್ರ ಮನೆಗಳಿಗೆ ಬಂದಿತು. ಹಳೆಯ ತಟ್ಟೆಗಳ ಮೇಲಿನ ಮಮತೆಯಿಂದ ಹುಟ್ಟಿದ ಯಂತ್ರವೇ ಈಗ ಹಳೆಯ ತಟ್ಟೆಗಳ ಸ್ಥಾನದಲ್ಲಿ ಕುಳಿತು ಮಮತೆಯನ್ನು ಬೇಡುತ್ತಿದೆ. ಪರಿಗ್ರಹವು ಪರಿಗ್ರಹವನ್ನೇ ಹೆರುತ್ತದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಾಗಿಲ್ಲ.

ಇನ್ನು ಜಮಾಖರ್ಚಿನ ಮಾತು. 1994ಕ್ಕೆ ಹಿಂದಿನ ಅಮೆರಿಕದ ಯಂತ್ರಗಳು ಒಂದು ಬಾರಿ ತೊಳೆಯಲು 10 ಗ್ಯಾಲನ್‌ಗಿಂತಲೂ, ಅಂದರೆ ಸುಮಾರು 38 ಲೀಟರಿಗಿಂತಲೂ, ಹೆಚ್ಚು ನೀರನ್ನು ಬಳಸುತ್ತಿದ್ದವು. 2013ರಲ್ಲಿ ಜಾರಿಗೆ ಬಂದ ನಿಯಮವು ಸಾಮಾನ್ಯ ಗಾತ್ರದ ಹೊಸ ಯಂತ್ರಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್, ಎಂದು ಮಿತಿ ಹಾಕಿತು. ದಿನಕ್ಕೊಂದು ಬಾರಿಯೆಂದು ಹಿಡಿದರೂ ವರ್ಷಕ್ಕೆ ಸುಮಾರು 7,000 ಲೀಟರ್ ನೀರಿನ ವ್ಯತ್ಯಾಸ. ಅದನ್ನು ಕಾಯಿಸುವ ಶಕ್ತಿಯ ವೆಚ್ಚ ಬೇರೆ. ಹಳೆಯದನ್ನು ಉಳಿಸಿ ಭೂಮಿಯ ಭಾರ ಇಳಿಸಿದೆವೆಂಬ ಸಮಾಧಾನವನ್ನು ಈ ಲೆಕ್ಕ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಜಲಕಾಯಿಕ, ಅಗ್ನಿಕಾಯಿಕ ಜೀವಗಳನ್ನು ಒಪ್ಪುವ ಧರ್ಮದಲ್ಲಿ ಈ ಅಂಕಿಗಳು ಬರಿಯ ಅಂಕಿಗಳಾಗಿ ಉಳಿಯುವುದಿಲ್ಲ. ಅಗತ್ಯಕ್ಕೆ ಚೆಲ್ಲಿದ ನೀರು ಗೃಹಸ್ಥನಿಗೆ ಅನಿವಾರ್ಯವಾದ ಆರಂಭ. ಯಂತ್ರದ ಓಟವನ್ನು ನೋಡುವ ವಿನೋದಕ್ಕಾಗಿ ಚೆಲ್ಲಿದ ನೀರು ಅನರ್ಥದಂಡ. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು ಪ್ರಮಾದಚರ್ಯೆಯೆಂದು ಸಮಂತಭದ್ರರು ಸ್ಪಷ್ಟವಾಗಿ ವಿಧಿಸಿದ್ದಾರೆ.

ಸಂಗ್ರಾಹಕರು ಹಳೆಯ ಯಂತ್ರದೊಡನೆ ಹಳೆಯ ಸಾಬೂನುಪುಡಿಯನ್ನೂ ನೆನೆದು ನಿಟ್ಟುಸಿರಿಡುತ್ತಾರೆ. ಆ ಪುಡಿಯಲ್ಲಿ ಫಾಸ್ಫೇಟ್ ಹೇರಳವಾಗಿತ್ತು. ಗಡಸುನೀರಿನ ಸುಣ್ಣದ ಅಂಶವನ್ನು ಹಿಡಿದಿಟ್ಟು ಗಾಜನ್ನು ಹೊಳೆಯಿಸುವ ಗುಣ ಅದಕ್ಕುಂಟು. ಆದರೆ ಅದು ಕೆರೆ ಸರೋವರಗಳಿಗೆ ಹರಿದರೆ ಪಾಚಿ ಬೆಳೆದು, ನೀರಿನ ಆಮ್ಲಜನಕ ಕುಗ್ಗಿ, ಮೀನುಗಳು ಸಾಯುತ್ತವೆ. ಆದುದರಿಂದಲೇ 2010ರ ಜುಲೈಯಲ್ಲಿ ಅಮೆರಿಕದ 16 ರಾಜ್ಯಗಳು ಈ ಪುಡಿಯಲ್ಲಿ ಫಾಸ್ಫೇಟನ್ನು ಬಹುಮಟ್ಟಿಗೆ ನಿಷೇಧಿಸಿದವು. ಆ ಬಳಿಕವೂ ಕೆಲವರು ಬೇರೆ ಅಂಗಡಿಯಿಂದ ಫಾಸ್ಫೇಟ್ ತಂದು ಬೆರೆಸಿಕೊಂಡು ತೊಳೆಯುತ್ತಾರೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಎದ್ದ ನೊರೆ ರಸ್ತೆಗೆ ಹಾರಿದ್ದನ್ನು ಕಂಡವರಿಗೆ, ಮಾರ್ಜಕದ ರಾಸಾಯನಿಕ ಮನೆಯ ಮೋರಿಯಲ್ಲಿ ಮುಗಿದುಹೋಗುವುದಿಲ್ಲವೆಂದು ವಿವರಿಸಬೇಕಾಗಿಲ್ಲ. ತಟ್ಟೆಯ ಹೊಳಪಿಗಾಗಿ ಮೀನಿನ ಪ್ರಾಣವನ್ನು ತೆತ್ತ ಕಾಲವನ್ನು ಸುವರ್ಣಯುಗವೆಂದು ಕರೆಯುವ ಸ್ಮೃತಿಯು ಎಂಥ ಸ್ಮೃತಿ?

ಆ ಸ್ಮೃತಿ ಇನ್ನೊಂದನ್ನೂ ಮರೆತಿದೆ. ಅಂದಿನ ಜಾಹೀರಾತಿನಲ್ಲಿ ಗೃಹಿಣಿ ಸದಾ ನಗುತ್ತಿದ್ದಳು. ಆದರೆ ರೂತ್ ಶ್ವಾರ್ಟ್ಸ್ ಕೋವನ್ ಎಂಬ ಇತಿಹಾಸಕಾರ್ತಿ 1983ರ 'ಮೋರ್ ವರ್ಕ್ ಫಾರ್ ಮದರ್' ಎಂಬ ಗ್ರಂಥದಲ್ಲಿ ತೋರಿಸಿರುವಂತೆ, ಯಂತ್ರಗಳು ಬಂದರೂ ಗೃಹಿಣಿಯ ದುಡಿಮೆಯ ಗಂಟೆಗಳು ಕಡಿಮೆಯಾಗಲಿಲ್ಲ. ಹಿಂದೆ ಗಂಡಸರು, ಮಕ್ಕಳು, ಆಳುಗಳು ಹಂಚಿಕೊಳ್ಳುತ್ತಿದ್ದ ಕೆಲಸ ಆಕೆಯೊಬ್ಬಳ ಮೇಲೆಯೇ ಬಿದ್ದಿತು. ಮಗನ ನೆನಪಿನಲ್ಲಿ ಯಂತ್ರದ ಗುಂಯ್‌ಗುಡುವಿಕೆ ಉಳಿದಿದೆ, ತಾಯಿಯ ಸೊಂಟನೋವು ಉಳಿದಿಲ್ಲ. ಇದು ಅಮೆರಿಕಕ್ಕೆ ಮಾತ್ರ ಸೀಮಿತವಾದ ಮರೆವಲ್ಲ. ಅಜ್ಜಿಯ ಕಾಲದ ಹಿತ್ತಾಳೆಯ ಹಂಡೆ, ಕಂಚಿನ ತಟ್ಟೆಗಳನ್ನು ದಿವಾನಖಾನೆಯಲ್ಲಿ ಅಲಂಕಾರಕ್ಕೆ ಜೋಡಿಸುವ ಮನೆಗಳಲ್ಲಿ, ಅವುಗಳನ್ನು ಹುಣಸೆಹಣ್ಣು ಬೂದಿಗಳಿಂದ ಮುಂಜಾನೆ ಮುಂಜಾನೆ ತಿಕ್ಕಿದ ಕೈಗಳನ್ನು ನೆನೆಯುವವರು ಎಷ್ಟು ಮಂದಿ? ಮುಸುರೆಯನ್ನು ಬಹುಹೊತ್ತು ಇಡಬಾರದು, ಎಂಜಲಿನಲ್ಲಿ ಸಮ್ಮೂರ್ಛನ ಜೀವಿಗಳು ಹುಟ್ಟುತ್ತವೆ ಎಂಬ ಎಚ್ಚರದಿಂದ ಉಂಡೊಡನೆ ತಟ್ಟೆ ತೊಳೆದಿಡುವ ಆಚಾರ ಆ ಹಿರಿಯರದು. ಕಂಚು ಉಳಿಯಿತು, ಆಚಾರ ಹೋಯಿತು. ಹಿರಿಯರ ಸಂಪತ್ತು ಯಾವುದೆಂಬುದನ್ನೇ ಅರಿಯದೆ ಅವರ ಸೊತ್ತನ್ನು ಕಾಯುವುದರಲ್ಲಿ ಏನು ಪುಣ್ಯ?

ಉಳಿಸುವವರಿಲ್ಲದಿದ್ದರೆ ಚರಿತ್ರೆಯೇ ಅಳಿಯುತ್ತದಲ್ಲವೇ ಎಂಬುದು ಕೊನೆಯ ವಾದ. ಇದಕ್ಕೆ ಜೈನ ಸಮಾಜದ ಇತಿಹಾಸವೇ ಉತ್ತರ ಕೊಡುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಮಹಾಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಕಾಪಾಡಿದವರ ಉಪಕಾರ ದೊಡ್ಡದು. ಆದರೂ ಅವು ದರ್ಶನಕ್ಕೆ ಮಾತ್ರ ಇದ್ದಷ್ಟು ಕಾಲ ಅವುಗಳ ಅರ್ಥ ಲೋಕಕ್ಕೆ ದಕ್ಕಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಸಂಪುಟಗಳು ಅಚ್ಚಾಗತೊಡಗಿದ ಮೇಲೆಯೇ ಅವು ಶ್ರುತಜ್ಞಾನವಾಗಿ ಹರಿದವು. ರಕ್ಷಣೆಯ ಸಾರ್ಥಕತೆ ಹಂಚಿಕೆಯಲ್ಲಿದೆ. ಪರಮಪವಿತ್ರವಾದ ಓಲೆಗಳಿಗೇ ಈ ಮಾತು ಸಲ್ಲುವುದಾದರೆ, ಮುಸುರೆ ತೊಳೆಯುವ ಪೆಟ್ಟಿಗೆಗೆ ಸಲ್ಲದೇ? ಹಳೆಯ ಯಂತ್ರವನ್ನು ಬಿಚ್ಚಿ ಜೋಡಿಸುವ ವಿದ್ಯೆಯನ್ನು ಹತ್ತು ಯುವಕರಿಗೆ ಕಲಿಸಿದವನು, ಒಂದು ಮಾದರಿಯನ್ನು ಸಾರ್ವಜನಿಕ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದವನು ಚರಿತ್ರೆಗೆ ಮಾಡುವ ಸೇವೆಯನ್ನು, ಬೀಗ ಹಾಕಿದ ನೆಲಮಾಳಿಗೆ ಮಾಡಲಾರದು.

ಬಾಳಿಕೆಯ ವಸ್ತು ಬೇಕೆಂಬವರಿಗೆ ನಿಜವಾದ ದಾರಿಯೂ ತೆರೆದಿದೆ. ಯುರೋಪಿನ ಒಕ್ಕೂಟವು 2021ರ ಮಾರ್ಚ್‌ನಿಂದ, ಪಾತ್ರೆ ತೊಳೆಯುವ ಯಂತ್ರಗಳ ಬಿಡಿಭಾಗಗಳನ್ನು ಅವುಗಳ ಬಗೆಗೆ ತಕ್ಕಂತೆ 7 ಇಲ್ಲವೆ 10 ವರ್ಷಗಳವರೆಗೆ ಒದಗಿಸಲೇಬೇಕೆಂದು ತಯಾರಕರಿಗೆ ವಿಧಿಸಿದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಗೃಹೋಪಯೋಗಿ ಯಂತ್ರಗಳನ್ನೂ ಒಳಗೊಂಡ ದುರಸ್ತಿಯ ಹಕ್ಕಿನ ಕಾನೂನು 2024ರ ಜುಲೈಯಲ್ಲಿ ಜಾರಿಗೆ ಬಂದಿದೆ. ಹಿಂದಿನದನ್ನು ನೆನೆದು ಅಳುವುದಕ್ಕಿಂತ ಮುಂದೆ ತಯಾರಾಗುವುದನ್ನು ಗಟ್ಟಿಯಾಗಿಸುವುದು ಹೆಚ್ಚಿನ ಪುರುಷಾರ್ಥ. ಅಂಗಡಿಯಿಟ್ಟ ಶ್ರಾವಕನು ದುರಸ್ತಿಗೆ ಒದಗದ ಸರಕನ್ನು ಮಾರುವುದಿಲ್ಲವೆಂದು ಸಂಕಲ್ಪಿಸಿದರೆ ಅದೂ ಅಚೌರ್ಯದ ಆಚರಣೆಯೇ.

ಕನ್ನಡ ನಾಡಿನಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಜೈನ ಕುಟುಂಬಗಳ ಅಡುಗೆಮನೆಗಳಲ್ಲಿ ಈ ಯಂತ್ರ ಸಾಮಾನ್ಯ; ಇಲ್ಲಿನ ನಗರಗಳಿಗೂ ಅದು ಬಂದಿದೆ. ಅದನ್ನು ಬಳಸುವುದು ಪಾಪವೆಂದು ಯಾರೂ ಹೇಳಬೇಕಾಗಿಲ್ಲ. ಗೃಹಸ್ಥನು ಪರೀಕ್ಷಿಸಬೇಕಾದುದು ಇಷ್ಟು: ಈ ವಸ್ತು ಇಂದು ಬಳಕೆಯಲ್ಲಿದೆಯೇ? ಇಲ್ಲವಾದರೆ ಅದು ಬಳಕೆಗೆ ಬೇಕಾದವರು ಬೇರೆ ಯಾರಾದರೂ ಇದ್ದಾರೆಯೇ? ಕೊಟ್ಟ ಮರುದಿನ ಮನಸ್ಸು ಅದರ ಹಿಂದೆ ಹೋಗುತ್ತದೆಯೇ? ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಮಿತಿ ಹಾಕಬೇಕಾದ ಕುಪ್ಯ ಅದೇ. ಮುಂದಿನ ಪರ್ಯೂಷಣದ ಹೊತ್ತಿಗೆ ಅಟ್ಟವನ್ನು ಒಮ್ಮೆ ಏರಿ, ಅಲ್ಲಿರುವುದನ್ನು ಒಂದು ಹಾಳೆಯಲ್ಲಿ ಪಟ್ಟಿಮಾಡಿ, ಉತ್ತಮ ಆಕಿಂಚನ್ಯದ ದಿನದೊಳಗೆ ಅದರಲ್ಲಿ ಅರ್ಧವನ್ನಾದರೂ ಬಳಸುವವರ ಕೈಗೆ ಒಪ್ಪಿಸುವುದು ಪ್ರತಿ ಮನೆಯಲ್ಲಿಯೂ ಸಾಧ್ಯವಾದ ವ್ರತ.